ಅವ್ವನಿಗೆ ಹೊಸ ಮನೆ ಯಾಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನಮ್ಮದು ಮದ್ದೂರು ಕಡೆಯ ಹಳ್ಳಿ. ನಾಲ್ಕು ವರ್ಷದ ಹಿಂದೆ ಮೈಸೂರಿನ ದಟ್ಟಗಳ್ಳಿಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಿದೆವು. ಪೂರ್ವಕ್ಕೆ ಬಾಗಿಲು, ಎಲ್ಲ ವಾಸ್ತು ಪ್ರಕಾರವೇ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಅವರಿಗೆ 68 ವರ್ಷ. ಕೆಳಗಿನ ದೊಡ್ಡ ರೂಮು, ಅಟ್ಯಾಚ್ಡ್ ಬಾತ್‌ರೂಮು, ಟಿವಿ ಎಲ್ಲ ಕೊಟ್ಟಿದ್ದೇವೆ. ಆದರೂ "ಉಸ್ರು ಕಟ್ಟಿದಂಗಾಯ್ತದೆ ಕಣವ್ವ, ನನ್ನ ಊರಿಗೆ ಬಿಟ್ಬುಡು" ಅಂತಾರೆ. ನನಗೂ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಪಿಯುಸಿ ಓದುವ ಮಗ ಸುಮ್‌ಸುಮ್ನೆ ರೇಗುತ್ತಾನೆ. ಮನೆ ಕಟ್ಟಿರುವ ರೀತಿಯಿಂದಲೂ ಹೀಗಾಗುತ್ತದಾ? ಎರಡು ಲಕ್ಷದೊಳಗೆ ಏನಾದರೂ ಬದಲಾವಣೆ ಮಾಡಬಹುದಾ? ಪ್ಲಾನು, ಫೋಟೊ ಕಳಿಸಿದ್ದೇನೆ.
— ಓದುಗರೊಬ್ಬರು, ಮೈಸೂರು

ಉತ್ತರ: ಆಗುತ್ತದೆ. ಮನೆ ನಮ್ಮ ಮನಸ್ಸಿನ ಮೇಲೆ ದಿನವೂ ಕೆಲಸ ಮಾಡುತ್ತಲೇ ಇರುತ್ತದೆ. ಇಪ್ಪತ್ತಾರು ವರ್ಷದಿಂದ ಮೈಸೂರು, ಮಂಡ್ಯ ಸುತ್ತಮುತ್ತ ಮನೆಗಳ ಪ್ಲಾನು ಹಾಕುತ್ತಿದ್ದೇನೆ. "ಎಲ್ಲ ಅನುಕೂಲ ಇದೆ ಸರ್, ಆದರೂ ಯಾಕೋ ಮನೆಯಲ್ಲಿರೋಕೆ ಮನಸ್ಸಾಗಲ್ಲ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾಲ ಮಾಡಿ, ಕಷ್ಟಪಟ್ಟು ಕಟ್ಟಿಸಿದ ಮನೆಯನ್ನು ದೂರಿದರೆ ತಪ್ಪಾಗುತ್ತದೇನೋ ಅಂತ ಅವರಿಗೆ ಸಂಕೋಚ. ನಿಮ್ಮ ಅವ್ವ ಬಾಯಿಬಿಟ್ಟು ಹೇಳಿದ್ದಾರೆ. ಅದು ಒಳ್ಳೆಯದೇ ಆಯಿತು.

ಪ್ಲಾನಿಗೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಅವ್ವ ಗಂಡನನ್ನು ಕಳೆದುಕೊಂಡು ಜಾಸ್ತಿ ದಿನ ಆಗಿಲ್ಲ. ಅದರ ಜೊತೆಗೇ ಊರು, ನೆರೆಹೊರೆ, ದಿನದ ಕೆಲಸ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಬಂದಿದ್ದಾರೆ. ಆ ದುಃಖ ಕಿಟಕಿ ಬದಲಾಯಿಸಿದರೆ ಹೋಗುವಂಥದ್ದಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನ್ನುತ್ತಿದ್ದಾರೆ, ಇದು ಎರಡು ವಾರಕ್ಕಿಂತ ಜಾಸ್ತಿ ಎಳೆದಿದೆ ಅಂದರೆ ಡಾಕ್ಟರಿಗೆ ತೋರಿಸಿ. ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ. ನಂಬರು 14416, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಸಿರು ಕಟ್ಟುತ್ತದೆ ಅನ್ನುತ್ತಿದ್ದಾರಲ್ಲ, ಈ ವಯಸ್ಸಿನಲ್ಲಿ ಅದನ್ನು ಬರೀ ಬೇಜಾರು ಅಂದುಕೊಂಡು ಬಿಡಬೇಡಿ. ಎದೆ, ಬಿಪಿ ಒಮ್ಮೆ ನೋಡಿಸಿಬಿಡಿ. ಅದು ಒಂದು ಕಡೆ ನಡೆಯಲಿ. ಮನೆಯ ಕಡೆಯಿಂದ ಆಗಬೇಕಾದ್ದನ್ನು ನಾನು ಹೇಳುತ್ತೇನೆ.

ನೀವು ಕಳಿಸಿದ ಫೋಟೊಗಳಲ್ಲಿ ಮೂರನೆಯದನ್ನು ತುಂಬ ಹೊತ್ತು ನೋಡಿದೆ. ಅವ್ವನ ಮಂಚದ ಮೇಲೆ ಕೂತು ತೆಗೆದಿದ್ದೀರಿ. ಕಿಟಕಿಯಾಚೆ ನಿಮ್ಮ ಕಾಂಪೌಂಡು. ಅದರ ಹಿಂದೆಯೇ ಹಿಂದಿನ ಮನೆಯವರ ಎರಡಂತಸ್ತಿನ ಗೋಡೆ. ಆ ಗೋಡೆಗೆ ಹೊರಗಿನ ಪ್ಲಾಸ್ಟರಿಂಗ್ ಆಗಿಲ್ಲ. ಮೇಲಿಂದ ಕೆಳಕ್ಕೆ ಒಂದು ಪಿವಿಸಿ ಪೈಪು ಇಳಿದಿದೆ. ಆಕಾಶ ಕಾಣಬೇಕೆಂದರೆ ಕತ್ತು ಎತ್ತಬೇಕು, ಆಗಲೂ ಒಂದು ಪಟ್ಟಿ ಅಗಲ ಕಾಣುತ್ತದೆ, ಅಷ್ಟೇ. ದಕ್ಷಿಣದ ಗೋಡೆಯಲ್ಲಿ ಇನ್ನೊಂದು ಕಿಟಕಿ ಇದೆ ಅಂತ ಪ್ಲಾನು ಹೇಳುತ್ತದೆ. ಫೋಟೊದಲ್ಲಿ ಅಲ್ಲಿ ವಾರ್ಡ್‌ರೋಬ್ ನಿಂತಿದೆ. ಅಂದರೆ ಅವ್ವನಿಗೆ ದಿನವಿಡೀ ಕಾಣುವುದು ಒಂದು ಗೋಡೆ, ಒಂದು ಪೈಪು.

ಇದನ್ನು ನೋಡಿದಾಗ ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಒಂದು ಅಧ್ಯಯನ ನೆನಪಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರನ್ನು ಮಲಗಿಸುವ ಕೋಣೆಗಳಿದ್ದವು. ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವುಗಳ ಕಿಟಕಿಯಿಂದ ಇಟ್ಟಿಗೆ ಗೋಡೆ. ರೋಜರ್ ಉಲ್ರಿಚ್ ಎಂಬುವವರು 1972ರಿಂದ 1981ರವರೆಗಿನ ದಾಖಲೆ ತೆಗೆದು, ವಯಸ್ಸು ಮತ್ತಿತರ ವಿಷಯಗಳಲ್ಲಿ ಒಬ್ಬರಿಗೊಬ್ಬರು ಹೊಂದುವ 23 ಜೋಡಿ ರೋಗಿಗಳನ್ನು ಹೋಲಿಸಿದರು. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು. ಜೋರಾದ ನೋವಿನ ಮಾತ್ರೆಗಳನ್ನೂ ಅವರು ಕಡಿಮೆ ತೆಗೆದುಕೊಂಡಿದ್ದರು. 1984ರಲ್ಲಿ ಇದು ಪ್ರಕಟವಾಯಿತು. ಒಟ್ಟು 46 ಜನರ ಸಣ್ಣ ಅಧ್ಯಯನ ಅದು. ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯಾಚೆ ಏನು ಕಾಣುತ್ತದೆ ಅಂತ ಯೋಚಿಸಲು ಶುರು ಮಾಡಿದ್ದರಲ್ಲಿ ಅದರ ಪಾಲು ದೊಡ್ಡದು.

ಮರ ಕಂಡರೆ ಏನಾಗುತ್ತದೆ? ಎಲೆ ಅಲ್ಲಾಡುತ್ತದೆ, ಅಳಿಲು ಓಡುತ್ತದೆ, ನೆರಳು ಸರಿಯುತ್ತದೆ. ಕಣ್ಣು ತಾನಾಗಿಯೇ ಅದರ ಹಿಂದೆ ಹೋಗುತ್ತದೆ. ನಾವು ಕಷ್ಟಪಟ್ಟು ಗಮನ ಕೊಡಬೇಕಾಗಿಲ್ಲ. ಹಾಗಾಗಿ ದಣಿದ ತಲೆಗೆ ವಿಶ್ರಾಂತಿ ಸಿಗುತ್ತದೆ ಅಂತ ರೇಚಲ್ ಕಪ್ಲಾನ್, ಸ್ಟೀಫನ್ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ವಿವರಿಸಿದ್ದಾರೆ. ಗೋಡೆ ನೋಡುತ್ತಾ ಕೂತರೆ ಕಣ್ಣಿಗೆ ಹೋಗಲು ಜಾಗವಿಲ್ಲ. ಆಗ ಮನಸ್ಸು ಒಳಕ್ಕೇ ತಿರುಗುತ್ತದೆ. ಈಗಷ್ಟೇ ದುಃಖ ಕಂಡವರಿಗೆ ಒಳಗೆ ಏನಿರುತ್ತದೆ ಅಂತ ನಿಮಗೇ ಗೊತ್ತು.

ಆದರೆ ಅವ್ವನ ಸಮಸ್ಯೆಯಲ್ಲಿ ಕಿಟಕಿ ಅರ್ಧ ಮಾತ್ರ. ಇನ್ನರ್ಧ ಪ್ಲಾನಿನಲ್ಲಿದೆ. ನಿಮ್ಮ ಮನೆಯ ಒಂದೊಂದು ಜಾಗಕ್ಕೂ ಏನು ಕೆಲಸ ಅಂತ ಹೇಳಿಕೊಳ್ಳುತ್ತಾ ಹೋಗಿ. ಹಾಲ್ ಟಿವಿ ನೋಡೋಕೆ. ಡೈನಿಂಗ್ ಟೇಬಲ್ ಊಟಕ್ಕೆ. ರೂಮು ಮಲಗೋಕೆ. ಪೋರ್ಟಿಕೊ ಕಾರಿಗೆ. ಅಡುಗೆಮನೆ ನಿಮ್ಮದು. ಸುಮ್ನೆ ಕೂರೋಕೆ ಅಂತ ಎಲ್ಲಿದೆ ಜಾಗ? ಅವ್ವ ಹಾಲಿನಲ್ಲಿ ಕೂತರೆ ಟಿವಿ ಹಾಕಲಾ ಅಂತ ಯಾರಾದರೂ ಕೇಳುತ್ತಾರೆ. ಅಡುಗೆಮನೆಯಲ್ಲಿ ನಿಂತರೆ ಹೋಗಿ ಮಲಗವ್ವ ಅಂತೀರಿ. ರೂಮಿನಲ್ಲಿ ಮಲಗಿದರೆ ಹುಷಾರಿಲ್ವಾ ಅಂತೀರಿ. ಎಲ್ಲವೂ ಪ್ರೀತಿಯ ಮಾತೇ. ಆದರೆ ಎಲ್ಲಿ ಕೂತರೂ ಕಾರಣ ಹೇಳಬೇಕಾದ ಮನೆಯಲ್ಲಿ ಮನುಷ್ಯನಿಗೆ ಉಸಿರು ಕಟ್ಟಿದ ಹಾಗೇ ಆಗುತ್ತದೆ.

ನಿಮ್ಮ ಊರಿನ ಮನೆ ನಾನು ನೋಡಿಲ್ಲ. ಮದ್ದೂರಿನ ಕಡೆಯ ಹಳೇ ಹೆಂಚಿನ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ, ಅಳತೆ ಹಿಡಿದಿದ್ದೇನೆ. ಬೀದಿ ಕಡೆ ಜಗಲಿ. ಒಳಗೆ ನಡುಮನೆ, ಕೆಲವದರಲ್ಲಿ ತೊಟ್ಟಿ, ಅಂದರೆ ಮೇಲೆ ತೆರೆದ ಒಳಅಂಗಳ. ಹಿಂದೆ ಹಿತ್ತಿಲು. ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತವರನ್ನು ಯಾಕೆ ಕೂತಿದ್ದೀಯ ಅಂತ ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುವವರು "ಊಟಾಯ್ತಾ ಅವ್ವ" ಅನ್ನುತ್ತಾರೆ. ಮಾತು ಬೇಕಿದ್ದರೆ "ಬಾ ಕೂತ್ಕೊ" ಅನ್ನಬಹುದು, ಬೇಡದಿದ್ದರೆ "ಹ್ಞೂಂ ಕಣಪ್ಪ" ಅಂದು ಸುಮ್ಮನಾಗಬಹುದು. ಚಳಿಗೆ ಬಿಸಿಲು ಬೇಕಿದ್ದರೆ ಜಗಲಿಯ ಅಂಚಿಗೆ ಸರಿದರಾಯಿತು, ಬಿಸಿಲು ಜಾಸ್ತಿಯಾದರೆ ಕಂಬದ ಹಿಂದಕ್ಕೆ. ಯಾರ ಮುಖವೂ ಬೇಡ ಅನ್ನಿಸಿದ ದಿನ ಹಿತ್ತಿಲಿಗೆ ಹೋದರಾಯಿತು. ಬೆಳಕು, ಗಾಳಿ, ಜನ, ಏಕಾಂತ ಇವೆಲ್ಲ ಎಷ್ಟೆಷ್ಟು ಬೇಕು ಅಂತ ತೀರ್ಮಾನ ಮಾಡುವುದು ಕೂತವರ ಕೈಯಲ್ಲಿತ್ತು. ಅವ್ವನಿಗೆ ಊರಿನ ಮನೆ ಇಷ್ಟವಾಗುವುದು ಅದು ಹಳೆಯದು ಅನ್ನುವ ಕಾರಣಕ್ಕಲ್ಲ. ಅಲ್ಲಿ ಅವರ ಮಾತು ನಡೆಯುತ್ತಿತ್ತು.

ಜಗಲಿಯಲ್ಲಿ ಬೆನ್ನ ಹಿಂದೆ ಗೋಡೆ ಇರುತ್ತದೆ, ತಲೆಯ ಮೇಲೆ ಸೂರು, ಎದುರಿಗೆ ಬಯಲು. ತನಗೆ ಮರೆ ಇದ್ದು, ತಾನು ಮಾತ್ರ ದೂರದವರೆಗೆ ನೋಡಬಲ್ಲ ಜಾಗ ಮನುಷ್ಯನಿಗೆ ಹಾಯೆನಿಸುತ್ತದೆ ಅಂತ ಬ್ರಿಟಿಷ್ ಭೂಗೋಳ ಶಾಸ್ತ್ರಜ್ಞ ಜೇ ಆ್ಯಪಲ್‌ಟನ್ 1975ರಲ್ಲಿ ಬರೆದರು. ನಮ್ಮ ಕಡೆಯ ಮೇಸ್ತ್ರಿಗಳು ಅದನ್ನು ಮಣ್ಣು, ಕಲ್ಲಿನಲ್ಲಿ ಮೊದಲೇ ಕಟ್ಟಿಟ್ಟಿದ್ದರು.

ನನಗೆ ಇದು ಮನಸ್ಸಿಗೆ ನಾಟಿದ್ದು ಓದಿನಿಂದಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ಕುವೆಂಪುನಗರದಲ್ಲಿ ನಾನೇ ಪ್ಲಾನು ಹಾಕಿದ ಮನೆಗೆ ಏನೋ ಕೆಲಸಕ್ಕೆ ಹೋಗಿದ್ದೆ. ಅವರೇಕಾಯಿ ಕಾಲ. ಆ ಮನೆಯ ಅಜ್ಜಿ ಪೋರ್ಟಿಕೊದಲ್ಲಿ, ಕಾರಿಗೂ ಗೋಡೆಗೂ ನಡುವಿನ ಸಂದಿನಲ್ಲಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಮೆಟ್ಟಿಲಿನ ಅಗಲ ಹತ್ತು ಅಂಗುಲ, ಎತ್ತರ ಆರು ಅಂಗುಲ. ಮಂಡಿ ಎದೆಗೆ ತಾಗುವ ಹಾಗೆ ಮುದುರಿಕೊಂಡಿದ್ದರು. ಸಿಪ್ಪೆಯ ಮೊರ ಕಾರಿನ ಚಕ್ರದ ಪಕ್ಕ. ಮಗ ಕಾರು ತೆಗೆಯಲು ಬಂದಾಗ ಗೋಡೆ ಹಿಡಿದುಕೊಂಡು ಎದ್ದರು. ಕಾರು ಹೋದ ಮೇಲೆ ಮತ್ತೆ ಅಲ್ಲೇ ಕೂತರು. "ಒಳಗೆ ಸೋಫಾ ಇದೆಯಲ್ಲ ಅಜ್ಜಿ" ಅಂದೆ. "ಅಲ್ಲಿ ಕೂತ್ರೆ ಏನ್ ಕಾಣುಸ್ತದಪ್ಪ" ಅಂದರು. ನಾನು ಆ ಮನೆಯಲ್ಲಿ ಕಾರಿಗೆ ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ ಜಾಗ ಬಿಟ್ಟಿದ್ದೆ. ಅಜ್ಜಿಗೆ ಎರಡು ಅಡಿ ಬಿಟ್ಟಿರಲಿಲ್ಲ. ಆವತ್ತಿನಿಂದ ಕಟ್ಟೆ ಇಲ್ಲದ ಪ್ಲಾನನ್ನು ನಾನು ಯಾರಿಗೂ ಕೊಟ್ಟಿಲ್ಲ.

ಹಾಗಾಗಿ ನಿಮ್ಮ ಎರಡು ಲಕ್ಷದಲ್ಲಿ ಮೊದಲ ಖರ್ಚು ಪೋರ್ಟಿಕೊದಲ್ಲಿ ಒಂದು ಕಟ್ಟೆಗೆ ಆಗಲಿ. ಉತ್ತರದ ಮೂಲೆಯಲ್ಲಿ, ಮನೆಯ ಗೋಡೆಗೆ ಒರಗಿಕೊಳ್ಳುವ ಹಾಗೆ, ರಸ್ತೆಗೆ ಮುಖ ಮಾಡಿ. ಉದ್ದ ಐದು ಅಡಿ ಇರಲಿ, ಇಬ್ಬರು ಕೂರಬಹುದು, ಮಧ್ಯೆ ಮೊರ ಇಡಬಹುದು. ಅಗಲ ಎರಡು ಅಡಿ. ಎತ್ತರ 16ರಿಂದ 17 ಅಂಗುಲ, ಅದಕ್ಕಿಂತ ತಗ್ಗಾದರೆ ಮಂಡಿನೋವಿರುವವರಿಗೆ ಏಳಲು ಕಷ್ಟ. ಒಂದು ಪಕ್ಕದಲ್ಲಿ ಕೈಯೂರಿ ಏಳಲು ಹಿಡಿಕೆ ಹಾಕಿಸಿ. ಮೇಲೆ ಪಾಲಿಶ್ ಗ್ರಾನೈಟು ಬೇಡ, ಜಾರುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ. ರೆಡ್ ಆಕ್ಸೈಡ್ ಒಳ್ಳೆಯದು. ನಿಮ್ಮ ಕಾರು ಒಂದೂವರೆ ಅಡಿ ದಕ್ಷಿಣಕ್ಕೆ ಸರಿದು ನಿಂತರೆ ಜಾಗ ಸಾಕಾಗುತ್ತದೆ, ಪ್ಲಾನಿನಲ್ಲಿ ಅಳೆದು ನೋಡಿದ್ದೇನೆ.

ಕಟ್ಟೆ ಕಟ್ಟಿಸಿ ಅಷ್ಟಕ್ಕೇ ಬಿಟ್ಟರೆ ಪ್ರಯೋಜನವಿಲ್ಲ. ನಿಮ್ಮ ಕಾಂಪೌಂಡು ಐದು ಅಡಿ ಇದೆ, ಗೇಟಿಗೆ ಪೂರ್ತಿ ತಗಡು ಹೊಡೆಸಿದ್ದೀರಿ. ಆ ಎತ್ತರದ ಕಟ್ಟೆಯ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಅಂದರೆ ಅವ್ವನಿಗೆ ಮತ್ತೆ ಗೋಡೆಯೇ ಕಾಣುವುದು. ಕಟ್ಟೆಯ ಎದುರಿನ ಆರು ಅಡಿ ಉದ್ದ ಮಾತ್ರ ಕಾಂಪೌಂಡನ್ನು ಎರಡೂಮುಕ್ಕಾಲು ಅಡಿಗೆ ಇಳಿಸಿ, ಅದರ ಮೇಲೆ ಗ್ರಿಲ್ ಕೂರಿಸಿ. ಗೇಟಿನ ತಗಡನ್ನು ಮೇಲಿನ ಅರ್ಧದಲ್ಲಾದರೂ ತೆಗೆಸಿ. ಭದ್ರತೆಗೆ ಏನೂ ಕಡಿಮೆಯಾಗುವುದಿಲ್ಲ. ಕಟ್ಟೆಯ ಒಂದು ತುದಿಯಲ್ಲಿ ಕನಕಾಂಬರದ್ದೋ ದಾಸವಾಳದ್ದೋ ಎರಡು ಕುಂಡ ಇಡಿ. ಬೇಡ ಅನ್ನಿಸಿದಾಗ ಅವ್ವ ಆ ಕಡೆ ಸರಿದು ಮರೆಯಾಗಬಹುದು. ತರಕಾರಿ ಗಾಡಿ, ಸ್ಕೂಲಿಗೆ ಹೋಗುವ ಮಕ್ಕಳು, ಎದುರು ಮನೆಯವರು ರಂಗೋಲಿ ಹಾಕುವುದು, ಇಷ್ಟು ಸಾಕು ಒಂದು ಬೆಳಗಿಗೆ.

ಬೆಳಗ್ಗೆ ಅಂತ ಬೇಕಂತಲೇ ಹೇಳಿದೆ. ನಿಮ್ಮದು ಪೂರ್ವದ ಬಾಗಿಲು, ಆದರೆ ಮುಂದೆ ಹನ್ನೆರಡು ಅಡಿ ಪೋರ್ಟಿಕೊ ಚಾಚಿರುವುದರಿಂದ ಎಳೆಬಿಸಿಲು ಹಾಲಿನೊಳಕ್ಕೆ ಸರಿಯಾಗಿ ಬರುವುದಿಲ್ಲ. ಅದರ ಮೇಲೆ ಹಾಲಿನ ಕಿಟಕಿಗೆ ಕನ್ನಡಿಯಂಥ ಫಿಲ್ಮ್ ಬೇರೆ ಅಂಟಿಸಿದ್ದೀರಿ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಹೊತ್ತು ತಿಳಿಯುವುದಕ್ಕೆ ಅಂತಲೇ ಒಂದು ಬಗೆಯ ಜೀವಕೋಶಗಳಿವೆ. 2002ರ ಸುಮಾರಿಗೆ ಇವುಗಳ ಕೆಲಸ ಸ್ಪಷ್ಟವಾಯಿತು. ಬೆಳಗಿನ ಹೊರಗಿನ ಬೆಳಕು ಅವಕ್ಕೆ ತಾಗಿದರೆ ಮೈಯೊಳಗಿನ ಗಡಿಯಾರ ಸರಿಯಾಗುತ್ತದೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಟ್ಯೂಬ್‌ಲೈಟ್ ಉರಿಯುವ ರೂಮಿನಲ್ಲಿ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ). ಮೋಡ ಮುಚ್ಚಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ನಮಗೆ ರೂಮು ಬೆಳಕಾಗಿದೆ ಅನ್ನಿಸುತ್ತದೆ, ಆ ಜೀವಕೋಶಗಳಿಗೆ ಅದು ಸಾಲದು. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿರುವುದರಿಂದ ಅವರಿಗೆ ಇನ್ನೂ ಜಾಸ್ತಿ ಬೆಳಕು ಬೇಕು. ಅವ್ವ ಏಳರಿಂದ ಎಂಟರವರೆಗೆ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಾ ಕೂತರೆ ಈ ಕೆಲಸ ತಾನಾಗಿಯೇ ಆಗುತ್ತದೆ. ನೀವೂ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ.

ಫಿಲ್ಮ್ ಕಿತ್ತುಹಾಕಿ, ಅದಕ್ಕೆ ಖರ್ಚೂ ಇಲ್ಲ. ಮಂಕು ಬೆಳಕು ಬೇರೆ, ತಂಪು ಬೆಳಕು ಬೇರೆ. ವ್ಯತ್ಯಾಸ ತಿಳಿಯಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಒಮ್ಮೆ ಮಧ್ಯಾಹ್ನ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಬಹುಪಾಲು ತೇಗದ ಮರ. ಸುತ್ತ ಅಗಲವಾದ ಪಡಸಾಲೆ ಇದೆ. ಉರಿಬಿಸಿಲಿನಲ್ಲಿ ಹುಲ್ಲುಹಾಸು ದಾಟಿ ಬಂದು ಆ ಪಡಸಾಲೆಗೆ ಕಾಲಿಟ್ಟರೆ ಹುಬ್ಬಿನ ಗಂಟು ಸಡಿಲವಾಗುವುದು ಗೊತ್ತಾಗುತ್ತದೆ. ಬಿಸಿಲು ಒಂದೇ ಸಲಕ್ಕೆ ಕಡಿದುಹೋಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಮ್ಮ ಈಗಿನ ಮನೆಗಳಲ್ಲಿ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ, ನಡುವೆ ಒಂದು ಬಾಗಿಲು ಅಷ್ಟೇ.

ಈಗ ಅವ್ವನ ರೂಮು. ವಾರ್ಡ್‌ರೋಬನ್ನು ಪೂರ್ವದ ಗೋಡೆಗೆ ಸರಿಸಿ ದಕ್ಷಿಣದ ಕಿಟಕಿ ಬಿಡಿಸಿ. ದಕ್ಷಿಣದ ಬಿಸಿಲು ಅಂದರೆ ಜನ ಹೆದರುತ್ತಾರೆ. ಮೈಸೂರಿನಲ್ಲಿ ಹೆದರಬೇಕಾದ್ದು ಪಶ್ಚಿಮಕ್ಕೆ. ನಾವಿರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್‌ನ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ ವಾಲುವುದು ಚಳಿಗಾಲದಲ್ಲಿ, ಆಗ ಬಿಸಿಲು ಬೇಕಾಗಿಯೇ ಇರುತ್ತದೆ. ಕಿಟಕಿಯ ಮೇಲೆ ಎರಡು ಅಡಿ ಚಾಚಿದ ಸಜ್ಜಾ ಇದ್ದರೆ ಸಾಕು. ಆ ಕಡೆಯ ಪಕ್ಕದ ಸೈಟು ಇನ್ನೂ ಖಾಲಿ ಇದೆ. ಅವರು ಕಟ್ಟುವವರೆಗಾದರೂ ಅಲ್ಲಿರುವ ಹೊಂಗೆ ಮರ ಅವ್ವನಿಗೆ ಕಾಣಲಿ.

ಪಶ್ಚಿಮದ ಕಿಟಕಿಯ ಕೆಳಗಿನ ಗೋಡೆ ಮೂರೂವರೆ ಅಡಿ ಇದೆ. ಅದನ್ನು ಎರಡು ಅಡಿಗೆ ಇಳಿಸಿದರೆ ಮಲಗಿದಲ್ಲಿಂದಲೇ ಗಿಡ ಕಾಣುತ್ತದೆ. ಲಿಂಟಲ್‌ಗೆ (ಕಿಟಕಿಯ ಮೇಲಿನ ತೊಲೆಗೆ) ಕೈ ಹಾಕುವುದಿಲ್ಲವಾದ್ದರಿಂದ ಇದು ಎರಡು ದಿನದ ಕೆಲಸ, ಗ್ರಿಲ್, ಕಿಟಕಿ ಮಾತ್ರ ಹೊಸದು ಬೇಕು. ಕಾಂಪೌಂಡಿನ ಒಳಮೈಗೆ ಬಿಳಿ ಸುಣ್ಣ ಹೊಡೆಸಿ. ಹಿಂದಿನ ಮನೆಯವರನ್ನು ಹೋಗಿ ಕೇಳಿ, ನಮ್ಮ ಖರ್ಚಿನಲ್ಲೇ ನಿಮ್ಮ ಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿ ಬಿಳಿ ಬಣ್ಣ ಬಳಿಸಿಕೊಡುತ್ತೇನೆ ಅನ್ನಿ. ಯಾರೂ ಬೇಡ ಅನ್ನುವುದಿಲ್ಲ. ಅಷ್ಟು ದೊಡ್ಡ ಬಿಳಿ ಗೋಡೆ ಆಕಾಶದ ಬೆಳಕನ್ನು ಎತ್ತಿ ನಿಮ್ಮ ಕಿಟಕಿಗೆ ಕೊಡುತ್ತದೆ. ಕಾಂಪೌಂಡಿಗೆ ವೀಳ್ಯದೆಲೆ ಬಳ್ಳಿ ಹಬ್ಬಿಸಿ. ಅದು ನೆರಳಿನಲ್ಲೇ ಚೆನ್ನಾಗಿ ಬರುವ ಗಿಡ. ಬೇರಿನ ಹತ್ತಿರ ನೀರು ನಿಲ್ಲದ ಹಾಗೆ ನೋಡಿಕೊಂಡರಾಯಿತು. ಅವ್ವ ಎಲೆ ಹಾಕುವವರಾದರೆ ದಿನವೂ ಕಿತ್ತುಕೊಳ್ಳಲು ಒಂದು ನೆಪವಾಗುತ್ತದೆ. ನೋಡಲು ಮಾತ್ರ ಇರುವ ಗಿಡಕ್ಕಿಂತ ಕೈಯಾಡಿಸಬೇಕಾದ ಗಿಡವೇ ಇಂಥವರಿಗೆ ಒಳ್ಳೆಯದು.

ಗಾಳಿಯ ವಿಷಯ. ನಿಮ್ಮಲ್ಲಿ ಇರುವುದು ಸ್ಲೈಡಿಂಗ್ ಕಿಟಕಿ. ಎಷ್ಟು ತೆಗೆದರೂ ಅರ್ಧಕ್ಕಿಂತ ಜಾಸ್ತಿ ತೆರೆಯುವುದಿಲ್ಲ, ಅದರ ಮೇಲೆ ಸೊಳ್ಳೆ ಮೆಶ್. ಹಳೇ ಮರದ ಕಿಟಕಿಯ ಎರಡು ಬಾಗಿಲು ತೆಗೆದರೆ ಪೂರ್ತಿ ಕಿಟಕಿ ತೆರೆದುಕೊಳ್ಳುತ್ತಿತ್ತು. ಅವ್ವನ ರೂಮಿನ ಕಿಟಕಿಯನ್ನಾದರೂ ಹೇಗೂ ಒಡೆಸುತ್ತೀರಲ್ಲ, ಹೊರಕ್ಕೆ ತೆರೆಯುವ ಬಾಗಿಲಿನದ್ದು ಹಾಕಿಸಿ, ಮೆಶ್ ಒಳಗಡೆ ಬೇರೆ ಚೌಕಟ್ಟಿಗೆ ಇರಲಿ. ಒಂದು ಕಿಟಕಿಯಿಂದ ಗಾಳಿ ಆಡುವುದಿಲ್ಲ, ಬರಲು ಒಂದು, ಹೋಗಲು ಒಂದು ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಅವ್ವನ ಕಿಟಕಿ, ರೂಮಿನ ಬಾಗಿಲು, ಹಾಲಿನ ಮುಂದಿನ ಕಿಟಕಿ ನಿಮ್ಮ ಪ್ಲಾನಿನಲ್ಲಿ ಒಂದೇ ಸಾಲಿನಲ್ಲಿವೆ. ಮೂರನ್ನೂ ತೆರೆದಿಟ್ಟು ನೋಡಿ. ಇಬ್ಬರು ಮಲಗುವ ಸಣ್ಣ ರೂಮನ್ನು ರಾತ್ರಿಯಿಡೀ ಬಿಗಿಯಾಗಿ ಮುಚ್ಚಿದರೆ ಇಂಗಾಲದ ಡೈ ಆಕ್ಸೈಡ್ ಬೆಳಗಿನ ಹೊತ್ತಿಗೆ ಸುಲಭವಾಗಿ 2000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎರಡು ಸಾವಿರ ಪಾಲು) ದಾಟುತ್ತದೆ. ಹೊರಗೆ ಅದು ಸುಮಾರು 420. ಎದ್ದಾಗ ತಲೆ ಭಾರ ಅನ್ನುವುದರಲ್ಲಿ ಇದರ ಪಾಲೂ ಇರಬಹುದು.

ಈ ಗಾಳಿ ಬೆಳಕಿನ ಪಾಠವನ್ನು ನಮ್ಮ ಊರು ಒಮ್ಮೆ ತುಂಬ ಬೆಲೆ ಕೊಟ್ಟು ಕಲಿತಿದೆ. 1890ರ ದಶಕದ ಕೊನೆಗೆ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಅದಾದ ಮೇಲೆ, 1903ರಲ್ಲಿ, ಮೈಸೂರಿನಲ್ಲಿ ನಗರ ಸುಧಾರಣೆಗೆ ಒಂದು ಟ್ರಸ್ಟ್ ಬೋರ್ಡ್ ಮಾಡಿದರು. ಅಗಲ ರಸ್ತೆ, ಮನೆ ಸುತ್ತ ಬಯಲು, ಬಡಾವಣೆಗೊಂದು ಪಾರ್ಕು ಎಲ್ಲ ಆ ಯೋಚನೆಯಿಂದ ಬಂದವು. ನಂತರದ ದಿನಗಳಲ್ಲಿ ನಾವು ಸೈಟಿನ ಅಂಚಿನವರೆಗೆ ಕಟ್ಟುತ್ತಾ ಬಂದು ಮತ್ತೆ ಕಿಟಕಿಗೆ ಗೋಡೆ ಎದುರಾಗುವ ಹಾಗೆ ಮಾಡಿಕೊಂಡಿದ್ದೇವೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ನಿಮ್ಮ ನಿದ್ದೆ, ಮಗನ ಸಿಟ್ಟಿಗೆ ಬರೋಣ. ಮೇಲಿನ ಮಹಡಿಯ ರೂಮುಗಳ ಮೇಲೆ ನೇರವಾಗಿ ಆರ್‌ಸಿಸಿ ತಾರಸಿ ಇದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತು, ಹನ್ನೊಂದರವರೆಗೆ ಕೆಳಕ್ಕೆ ಬಿಸಿ ಬಿಡುತ್ತಿರುತ್ತದೆ, ಸರಿಯಾಗಿ ನೀವು ಮಲಗುವ ಹೊತ್ತಿಗೆ. ತಾರಸಿಗೆ ಬಿಳಿಯ ಕೂಲ್ ರೂಫ್ ಪೇಂಟ್ ಎರಡು ಕೋಟು ಹೊಡೆಸಿ. ಮೈಸೂರಿನಲ್ಲಿ ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದೆ. ಸಂಜೆ ಏಳರಿಂದ ಕಿಟಕಿ ತೆರೆದಿಟ್ಟರೆ ಆ ತಂಪು ಒಳಗೆ ಬರುತ್ತದೆ. ಹಗಲು ಹನ್ನೊಂದರಿಂದ ಸಂಜೆಯವರೆಗೆ ಮುಚ್ಚಿಡಿ.

ಇನ್ನು ಸದ್ದು. ಸಂಪಿನ ಮೋಟರಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ನಿಮ್ಮ ರೂಮಿನ ಗೋಡೆಗೇ ಕ್ಲಾಂಪ್ ಹೊಡೆದಿದ್ದಾರೆ. ಬೆಳಗಿನ ಜಾವ ನೀರು ಬಿಟ್ಟಾಗ ಮೋಟರು ಹಾಕಿದರೆ ಆ ಗುಂಯ್ ಅನ್ನುವ ಸದ್ದು ಗೋಡೆಯಲ್ಲೇ ಹರಿದು ದಿಂಬಿನ ಹತ್ತಿರ ಬರುತ್ತದೆ. ಎಚ್ಚರವಾಗದಿದ್ದರೂ ನಿದ್ದೆ ತೆಳುವಾಗುತ್ತದೆ. ಮೋಟರಿನ ಕೆಳಗೆ ದಪ್ಪ ರಬ್ಬರ್ ಹಾಕಿಸಿ. ಮೋಟರಿಗೂ ಪೈಪಿಗೂ ನಡುವೆ ಒಂದು ಅಡಿ ಬಾಗುವ ಹೋಸ್ ಪೈಪು ಕೊಡಿಸಿ. ಕ್ಲಾಂಪಿನ ಒಳಗೂ ರಬ್ಬರ್ ಪಟ್ಟಿ ಇರಲಿ. ಪ್ಲಂಬರಿಗೆ ಅರ್ಧ ದಿನದ ಕೆಲಸ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗಿನ ಸದ್ದು 45 ಡೆಸಿಬಲ್ ದಾಟಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡಿಸುವ ಸದ್ದು ಹುಟ್ಟುವುದು ಒಳಗೇ.

ಹಾಲಿನಲ್ಲಿ ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸು, ಮೇಲೆ ಪಿಒಪಿಯ (ಪ್ಲಾಸ್ಟರ್ ಆಫ್ ಪ್ಯಾರಿಸ್) ಫಾಲ್ಸ್ ಸೀಲಿಂಗು, ಎದುರಿಗೆ ಗಾಜು. ಮೂರೂ ಸದ್ದನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತವೆ. ಟಿವಿ, ಮಿಕ್ಸಿ, ಕುಕ್ಕರ್ ಕೂಗು ಎಲ್ಲ ಸೇರಿ ಮೆಟ್ಟಿಲ ದಾರಿಯಲ್ಲಿ ಮಗ ಓದುವ ಜಾಗಕ್ಕೆ ಹತ್ತುತ್ತದೆ. ಅದನ್ನು ಮೀರಿ ಮಾತಾಡಲು ಎಲ್ಲರೂ ದನಿ ಎತ್ತುತ್ತಾರೆ. ಹೊರಗಿನವರಿಗೆ ಅದು ಜಗಳದ ಹಾಗೆ ಕೇಳುತ್ತದೆ, ಸ್ವಲ್ಪ ಹೊತ್ತಿಗೆ ನಿಜಕ್ಕೂ ಜಗಳವೇ ಆಗುತ್ತದೆ. ಮನೆಯಲ್ಲಿ ಮದುವೆಯ ಕಾಲದ ದಪ್ಪ ಜಮಖಾನೆ ಇರುತ್ತದಲ್ಲ, ತೆಗೆದು ಹಾಸಿ. ಒಂದು ಗೋಡೆಗೆ ಪುಸ್ತಕದ ಕಪಾಟು ಇಡಿ. ಮಗನ ರೂಮಿನ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ವ್ಯತ್ಯಾಸ ಆವತ್ತೇ ಗೊತ್ತಾಗುತ್ತದೆ. ದಪ್ಪ ಪರದೆ ಹಾಕಿದರೆ ರಸ್ತೆಯ ಸದ್ದು ನಿಲ್ಲುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಪರದೆ ಒಳಗಿನ ಪ್ರತಿಧ್ವನಿಗೆ ಮಾತ್ರ ಸಹಾಯ ಮಾಡುತ್ತದೆ.

ದೀಪಗಳನ್ನೂ ಬದಲಾಯಿಸಿ. ಮನೆಯಿಡೀ 6500 ಕೆಲ್ವಿನ್‌ನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ನೀಲಿಬಿಳಿ ಎಲ್‌ಇಡಿ ಪಟ್ಟಿಗಳಿವೆ. ಅದು ನಡುಹಗಲಿನ ಬಣ್ಣ. ರಾತ್ರಿ ಒಂಬತ್ತಕ್ಕೆ ಅದನ್ನು ಕಣ್ಣಿಗೆ ತುಂಬಿದರೆ ಮೈಗೆ ಇನ್ನೂ ಮಧ್ಯಾಹ್ನ ಅನ್ನಿಸುತ್ತದೆ. ಅಡುಗೆಮನೆ, ಓದುವ ಟೇಬಲ್ಲಿಗೆ ಅದು ಇರಲಿ. ಹಾಲಿಗೂ ರೂಮುಗಳಿಗೂ 2700ರಿಂದ 3000 ಕೆಲ್ವಿನ್‌ನ ಬೆಚ್ಚಗಿನ ಬಲ್ಬು, ಆದಷ್ಟು ಗೋಡೆಯ ಮೇಲೆ ತಗ್ಗಿನಲ್ಲಿ. ಅವ್ವನ ರೂಮಿನಿಂದ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಮಾತ್ರ ನೆಲದ ಹತ್ತಿರ ಒಂದು ಸಣ್ಣ ದೀಪ ರಾತ್ರಿಯೆಲ್ಲ ಉರಿಯಲಿ. ಬೀಳುವ ಭಯ ಇರುವವರಿಗೆ ನೆಮ್ಮದಿ ಇರುವುದಿಲ್ಲ.

ಖರ್ಚು ಮಾಡಬೇಡಿ ಅನ್ನುವ ಕೆಲವೂ ಇವೆ. ಮನಶ್ಶಾಂತಿಗೆ ಇಂಥದ್ದೇ ಬಣ್ಣ ಅಂತ ಯಾರಾದರೂ ಹೇಳಿದರೆ ಅದಕ್ಕೆ ಗಟ್ಟಿ ಆಧಾರ ಕಡಿಮೆ. ಹೊಳಪಿಲ್ಲದ ತಿಳಿ ಬಣ್ಣ, ಅವ್ವನಿಗೆ ಇಷ್ಟವಾದದ್ದು, ಸಾಕು. ಪ್ಲಾಸ್ಟಿಕ್ ಹುಲ್ಲಿನ ಗೋಡೆ, ಮೋಟರ್ ಓಡಿಸುವ ಕಾರಂಜಿ ಬೇಡ. ಇನ್ನೊಂದು ಫಾಲ್ಸ್ ಸೀಲಿಂಗಂತೂ ಖಂಡಿತ ಬೇಡ. ವಾಸ್ತುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮಗೆ ಅದರಿಂದ ಧೈರ್ಯ ಸಿಗುತ್ತದೆ ಅಂದರೆ ಇಟ್ಟುಕೊಳ್ಳಿ, ದೇವರಮನೆ, ಬಾಗಿಲು ಎಲ್ಲ ಇದ್ದ ಹಾಗೇ ಇರಲಿ. ಆದರೆ ಹಿರಿಯರಿಗೆ ನೈಋತ್ಯ ಅಂತ ಅವ್ವನನ್ನು ಆ ಮೂಲೆಯಲ್ಲೇ ಕೂರಿಸಬೇಕಾಗಿಲ್ಲ. ಮಲಗಲು ಅಲ್ಲಿ, ಹಗಲು ಎಲ್ಲಿ ಬೇಕಾದರೂ.

ದುಡ್ಡು ಎಲ್ಲದಕ್ಕೂ ಸಾಲದಿದ್ದರೆ ಕಟ್ಟೆ, ಕಾಂಪೌಂಡು, ಅವ್ವನ ಎರಡು ಕಿಟಕಿ, ಮೋಟರು ಇಷ್ಟು ಮೊದಲು. ತಾರಸಿಯ ಬಣ್ಣ ಫೆಬ್ರುವರಿಯಲ್ಲಿ ಮಾಡಿಸಿದರೂ ನಡೆಯುತ್ತದೆ. ಹಿಂದಿನ ಮನೆಯವರ ಗೋಡೆ ಆಮೇಲೆ.

ಆದರೆ ಗಾರೆಯವರನ್ನು ನಾಳೆಯೇ ಕರೆಸಬೇಡಿ. ಎತ್ತಲು ಹಗುರವಾದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಲಿನಲ್ಲಿ ಇಡಿ. "ಇದು ನಿಂದು ಅವ್ವ, ಎಲ್ಲಿ ಬೇಕಾದ್ರೂ ಹಾಕ್ಕೊ" ಅಂತ ಹೇಳಿ. ಎಲ್ಲಿ ಹಾಕಿಕೊಂಡರೂ ಒಳಗೆ ಬಾ ಅಂತ ಯಾರೂ ಕರೆಯಬೇಡಿ. ಒಂದು ವಾರ ನೋಡಿ, ಬೆಳಗ್ಗೆ ಎಲ್ಲಿಗೆ ಎಳೆದುಕೊಂಡು ಹೋಗುತ್ತಾರೆ, ಸಂಜೆ ಎಲ್ಲಿಗೆ, ಯಾವ ಕಡೆ ಮುಖ ಮಾಡಿ ಕೂರುತ್ತಾರೆ. ನಾನು ಪೋರ್ಟಿಕೊದ ಉತ್ತರ ಮೂಲೆ ಅಂದಿದ್ದೇನೆ. ಅವರ ಕುರ್ಚಿ ದಿನವೂ ಬೇರೆ ಕಡೆ ನಿಂತರೆ ನನ್ನ ಮಾತು ಬಿಟ್ಟುಬಿಡಿ. ಕುರ್ಚಿಯ ಕಾಲು ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಸ್ತ್ರಿಗೆ ಅದನ್ನೇ ತೋರಿಸಿ.